ಅರ್ಜಿ ಸಾಹೇಬ್ರದು, ಚಾ ಅಕ್ಕೋರದು: ನವನಗರದ ನಿವೃತ್ತ ದಂಪತಿಯ ಒಂದು ವಾರ

ನಾನು ಸಮಾಜಕಾರ್ಯ ಓದಿಸುವವನು. ಮುಪ್ಪಿನ ಬಗ್ಗೆ ಪಾಠ ಮಾಡುವಾಗ ನನಗೆ ಒಂದು ಪೇಚು. ಪುಸ್ತಕಗಳಲ್ಲಿ ನಿವೃತ್ತರು ಅಂದರೆ ಒಂಟಿತನ, ಖಾಲಿ ಮನೆ, ಹೊತ್ತು ಹೋಗದ ಮಧ್ಯಾಹ್ನ. ಬಾಗಲಕೋಟೆಯ ನವನಗರದಲ್ಲಿ ಅಂಥವರು ಇಲ್ಲ ಅಂತಲ್ಲ. ಆದರೆ ನನ್ನ ಕಣ್ಣಿಗೆ ಜಾಸ್ತಿ ಬೀಳುವವರು ಬೇರೆ ಥರದವರು. ನೌಕರಿಯಲ್ಲಿದ್ದಾಗ ಭಾನುವಾರವಾದರೂ ಸಿಗುತ್ತಿತ್ತು, ಈಗ ಅದೂ ಇಲ್ಲ ಅನ್ನುವವರು. ಅಂಥ ಒಂದು ಮನೆಯ ಒಂದು ವಾರವನ್ನು ಇಲ್ಲಿ ಪೂರ್ತಿ ಬಿಡಿಸಿಡುತ್ತಿದ್ದೇನೆ. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಓಣಿಯವರು ಕರೆಯುವ ಹಾಗೆ ಸಾಹೇಬ್ರು, ಅಕ್ಕೋರು ಅಂತಲೇ ಕರೆಯುತ್ತೇನೆ.

ಮನೆ

ಸಾಹೇಬ್ರಿಗೆ 66. ಮುಳುಗಡೆ ಸಂತ್ರಸ್ತರ ಪುನರ್ವಸತಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅಕ್ಕೋರಿಗೆ 63. ಪ್ರಾಥಮಿಕ ಶಾಲೆಯಲ್ಲಿ ಶುರು ಮಾಡಿ ಹೈಸ್ಕೂಲಿನ ಗಣಿತ ಶಿಕ್ಷಕಿಯಾಗಿ ಮುಗಿಸಿದವರು. ಇಬ್ಬರಿಗೂ ಸರ್ಕಾರಿ ಪಿಂಚಣಿ ಬರುತ್ತದೆ, ಹಾಗಾಗಿ ದುಡ್ಡಿನ ತಾಪತ್ರಯ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಎಷ್ಟೋ ಹಿರಿಯರ ಕಷ್ಟ ಶುರುವಾಗುವುದೇ ಅಲ್ಲಿಂದ. ಈ ಮನೆಯದು ಅದಲ್ಲ.

ಮನೆಯಲ್ಲಿ ಮೂರನೆಯವರು ಸಾಹೇಬ್ರ ತಾಯಿ, 88 ವರ್ಷದ ಅಜ್ಜಿ. ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು. ಮೊಣಕಾಲು ಮಾತ್ರ ಕೈಕೊಟ್ಟಿದೆ. ಹಳೇ ಬಾಗಲಕೋಟೆಯಲ್ಲಿದ್ದ ಇವರ ಮನೆ ಕೃಷ್ಣಾ ನದಿಯ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಹೋಯಿತು. ನವನಗರದ ಸೆಕ್ಟರಿನಲ್ಲಿ ಸಿಕ್ಕ ಸೈಟಿನಲ್ಲಿ ಈಗಿನ ಮನೆ ಕಟ್ಟಿಸಿದರು. ಊರವರಿಗೆ ಪರಿಹಾರದ ಕಾಗದ ಮಾಡಿಕೊಟ್ಟವರು ಸ್ವತಃ ಸಂತ್ರಸ್ತರೇ. ಮಗಳು ಹುಬ್ಬಳ್ಳಿಯಲ್ಲಿ, ಮಗ ಬೆಂಗಳೂರಿನಲ್ಲಿ. ಇಬ್ಬರೂ ದಿನಾ ಫೋನ್ ಮಾಡುವ ಒಳ್ಳೆಯ ಮಕ್ಕಳು.

ಅರವತ್ತು ದಾಟಿದವರು ತೊಂಬತ್ತರ ಹತ್ತಿರ ಇರುವವರನ್ನು ನೋಡಿಕೊಳ್ಳುವುದು ಈಗ ಮನೆಮನೆಯಲ್ಲೂ ಇದೆ. ಆದರೆ ಹೊರಗಿನವರು ಈ ಮನೆ ನೋಡಿ ಹೇಳುವುದು ಒಂದೇ ಮಾತು: ‘ನಿಮಗೇನ್ರಿ, ಇಬ್ರೂ ರಿಟೈರ್ ಆಗೀರಿ, ಆರಾಮ ಅದೀರಿ.’ ಈ ಮಾತು ಹೇಳಿದವರು ಮುಂದಿನ ಉಸಿರಿನಲ್ಲೇ ಏನಾದರೂ ಒಂದು ಕೆಲಸ ಒಪ್ಪಿಸುತ್ತಾರೆ.

ವಾರ

ಹೋಳಿ ಹುಣ್ಣಿಮೆಗೆ ಮುಂಚಿನ ವಾರ ಅದು. ಬಾಗಲಕೋಟೆಯಲ್ಲಿ ಹೋಳಿ ಅಂದರೆ ಒಂದು ದಿನದ ಹಬ್ಬ ಅಲ್ಲ. ಬಣ್ಣದ ಬಂಡಿಗಳು ಹೊರಡುವುದಕ್ಕೆ ಎಷ್ಟೋ ದಿನ ಮೊದಲೇ ಸಂಜೆಯಾದರೆ ಹಲಗಿ ವಾದ್ಯದ ಸದ್ದು ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಹತ್ತಿರ ಬಂದಿತ್ತು. ಬಿಸಿಲು ಏರುತ್ತಿತ್ತು.

ಸೋಮವಾರ ಬ್ಯಾಂಕು. ಅಜ್ಜಿಗೆ ಕುಟುಂಬ ಪಿಂಚಣಿ ಬರುವ ಖಾತೆ ಇದೆ. ಕೆವೈಸಿ, ಅಂದರೆ ಖಾತೆದಾರರ ಗುರುತು, ವಿಳಾಸದ ದಾಖಲೆ, ಹಳೆಯದಾಗಿದೆ, ಖಾತೆದಾರರನ್ನೇ ಕರೆದುಕೊಂಡು ಬನ್ನಿ ಎಂದು ಬ್ಯಾಂಕಿನವರು ಹೇಳಿದ್ದರು. ಹಿಂದಿನ ವಾರ ಒಮ್ಮೆ ಕರೆದುಕೊಂಡು ಹೋಗಿ, ಸರ್ವರ್ ಇಲ್ಲ ಅಂತ ವಾಪಸ್ ಬಂದಿದ್ದರು. ಈಗ ಮತ್ತೆ ಆಟೋ. ಬ್ಯಾಂಕಿನ ಮೆಟ್ಟಿಲು ನಾಲ್ಕೇ, ಆದರೆ ಅಜ್ಜಿಯನ್ನು ಹತ್ತಿಸಲು ಇಬ್ಬರೂ ಬೇಕು. ಒಳಗೆ ಹೆಬ್ಬೆರಳಿನ ಯಂತ್ರ. ಅಜ್ಜಿ ಬೆರಳಿಟ್ಟರು, ಬರಲಿಲ್ಲ. ಅಕ್ಕೋರು ಸೆರಗಿನಿಂದ ಬೆರಳು ಒರೆಸಿದರು, ಬರಲಿಲ್ಲ. ಹಿಂದೆ ನಿಂತಿದ್ದ ಯಾರೋ ತುಸು ಎಣ್ಣೆ ಹಚ್ಚಿರಿ ಅಂದರು, ಇನ್ನೊಬ್ಬರು ಎಣ್ಣೆ ಹಚ್ಚಬ್ಯಾಡ್ರಿ, ಒದ್ದಿ ಮಾಡ್ರಿ ಅಂದರು. ಎಪ್ಪತ್ತು ವರ್ಷ ಜೋಳದ ಹಿಟ್ಟು ನಾದಿ, ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು ಅದು. ಗೆರೆ ಎಲ್ಲಿ ಉಳಿದಿರುತ್ತದೆ? ಕಡೆಗೆ ಬಲಗೈಯ ಉಂಗುರ ಬೆರಳು ಯಂತ್ರಕ್ಕೆ ಸಿಕ್ಕಿತು. ಅಷ್ಟರಲ್ಲಿ ಇನ್ನೊಂದು ಕಾಗದ ಬೇಕು ಅಂದರು, ಅದು ಮನೆಯಲ್ಲಿತ್ತು. ಕೆಲಸ ಹತ್ತು ನಿಮಿಷದ್ದು, ಹೋದದ್ದು ಇಡೀ ಬೆಳಗು. ಮುಗಿಯಲೂ ಇಲ್ಲ.

ಮನೆಗೆ ಬಂದರೆ ಪಡಸಾಲೆಯಲ್ಲಿ ಜನ ಕೂತಿದ್ದರು. ಇದೇ ಸಾಹೇಬ್ರ ಸಮಾಜಸೇವೆ. ಅವರು ಅದನ್ನು ಹಾಗೆ ಕರೆಯುವುದಿಲ್ಲ, ಅರ್ಜಿ ಬರೆದು ಕೊಡೋದು ಅನ್ನುತ್ತಾರೆ. ಮುಳುಗಡೆಯ ಕೆಲಸ ಮುಗಿದುಹೋದ ಕಥೆ ಎಂದು ಬೇರೆ ಜಿಲ್ಲೆಯವರು ತಿಳಿದಿರಬಹುದು. ಇಲ್ಲಿ ಅದು ನಡೆಯುತ್ತಲೇ ಇದೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರಿನವರೆಗೆ. ಅದನ್ನು 524.256 ಮೀಟರಿಗೆ ಏರಿಸುವುದು ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದ ಯೋಜನೆ. ಅದಕ್ಕೆ ಇನ್ನೂ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಅಂತ ದರ ಗೊತ್ತು ಮಾಡಿತು. ಆ ಸುದ್ದಿ ಬಂದ ಮೇಲೆ ಸಾಹೇಬ್ರ ಪಡಸಾಲೆ ತುಂಬಿಹೋಯಿತು. ಯಾಕೆಂದರೆ ಹಣ ಬರಬೇಕಾದರೆ ಕಾಗದ ಸರಿ ಇರಬೇಕು. ಉತಾರದಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಇನ್ನೂ ತೀರಿಹೋದ ಮುತ್ತ್ಯಾನ (ಅಜ್ಜನ) ಹೆಸರು ಇರುತ್ತದೆ. ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರುವುದಿಲ್ಲ. ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬ ಗೋವಾದಲ್ಲಿ, ಒಬ್ಬ ಮಾತು ಬಿಟ್ಟಿರುತ್ತಾನೆ. ಯಾವ ಅರ್ಜಿ ಯಾವ ಮೇಜಿಗೆ, ಮೊದಲು ಯಾವುದು, ಆಮೇಲೆ ಯಾವುದು ಎನ್ನುವುದು ಸಾಹೇಬ್ರಿಗೆ ಬಾಯಿಪಾಠ. ಏಜೆಂಟರು ಇದಕ್ಕೆ ಸಾವಿರಗಟ್ಟಲೆ ಕೇಳುತ್ತಾರೆ. ಇವರು ಒಂದು ಪೈಸೆ ಮುಟ್ಟುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಸೇವೆ ಕಡಿಮೆ.

ಮಂಗಳವಾರ ಮಗನ ಸೈಟು. ಅದಕ್ಕೆ ಇ-ಖಾತಾ, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಮಾಡಿಸಬೇಕು. ‘ಅಪ್ಪಾ, ಸುಮ್ನೆ ಒಂದ್ಸಲ ಹೋಗಿ ಕೇಳ್ಕೊಂಡ್ ಬನ್ನಿ’ ಎಂದು ಬೆಂಗಳೂರಿನ ಕನ್ನಡದಲ್ಲಿ ಫೋನ್ ಬಂತು. ಆ ‘ಸುಮ್ನೆ ಒಂದ್ಸಲ’ ಅಷ್ಟರಲ್ಲಿ ಮೂರನೆಯದು. ಅಂದೇ ಸಂಜೆ ಅಕ್ಕೋರ ಟ್ಯೂಷನ್ನು. ಟ್ಯೂಷನ್ ಅಂತ ಹೇಳುವುದು ರೂಢಿಗೆ, ಫೀಸು ಇಲ್ಲ. ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳ, ಗೌಂಡಿಗಳ ಮನೆಯ ಎಂಟು ಹುಡುಗಿಯರು ಹತ್ತನೇ ಕ್ಲಾಸಿನ ಗಣಿತ ಕಲಿಯಲು ಬರುತ್ತಾರೆ. ಹಿತ್ತಲ ಗೋಡೆಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದಾರೆ.

ಬುಧವಾರ ಗುಳೇದಗುಡ್ಡದಲ್ಲಿ ಸಂಬಂಧಿಕರ ಮನೆಯ ಕುಬಸದ (ಸೀಮಂತದ) ಕಾರ್ಯ. ಅಜ್ಜಿಯನ್ನು ಬಿಟ್ಟು ಇಬ್ಬರೂ ಹೋಗುವ ಹಾಗಿಲ್ಲ. ಹೋದವರು ಅಕ್ಕೋರು. ಇಲ್ಲೊಂದು ಸಂಗತಿ ಗಮನಿಸಿ. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಇವರಿಗೆ ಬಸ್ ಟಿಕೆಟ್ ಇಲ್ಲ. ಸಾಹೇಬ್ರಿಗೆ ಹಿರಿಯ ನಾಗರಿಕರ ಶೇ 25ರ ರಿಯಾಯಿತಿ ಅಷ್ಟೇ. ‘ನಿನಗ ಹೆಂಗೂ ಫ್ರೀ ಅದ, ನೀನ ಹೋಗಿ ಬಾ’ ಎಂಬ ಮಾತು ಆವತ್ತಿನಿಂದ ಈ ಮನೆಯಲ್ಲಿ ಕಾಯಂ ಆಯಿತು. ಮನೆತನದ ಪರವಾಗಿ ಮದುವೆ, ತೊಟ್ಟಿಲು, ಕುಬಸ, ದಿವಸ ಎಲ್ಲಕ್ಕೂ ಹಾಜರಿ ಹಾಕುವ ಕೆಲಸ ಪೂರ್ತಿ ಅವರ ಪಾಲಿಗೆ ಬಂತು. ದೂರು ಅಂತ ಅವರು ಇದನ್ನು ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಅಷ್ಟು ಹೊತ್ತು ಯಾರೂ ಕರೆಯುವುದಿಲ್ಲ, ಅದೇ ನನ್ನ ರಜೆ ಅಂದರು. ಕುಬಸಕ್ಕೆ ಕೊಡಲು ಒಳ್ಳೆಯ ಗುಳೇದಗುಡ್ಡ ಖಣ (ಕುಪ್ಪಸದ ಬಟ್ಟೆ) ಅಲ್ಲೇ ಕೊಂಡರು. ತಮಗೂ ಒಂದು ಕೊಂಡರು. ಸಂಜೆ ಬಂದು ಇಳಿದವರು ನೇರ ಅಡುಗೆಮನೆಗೆ ಹೋದರು.

ಗುರುವಾರ

ಗುರುವಾರ ಸಂಜೆ ಅಕ್ಕೋರು ಥೇಲ್ಸ್ ಪ್ರಮೇಯ ಹೇಳುತ್ತಿದ್ದರು. ತ್ರಿಭುಜ ಬರೆದರು, ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆಯಲು ಹೋದರು. ಗೆರೆ ಓರೆಯಾಯಿತು. ಒರೆಸಿ ಮತ್ತೆ ಎಳೆದರು, ಮತ್ತೆ ಓರೆ. ಮೂವತ್ತೈದು ವರ್ಷ ಅಳತೆಪಟ್ಟಿ ಇಲ್ಲದೆ ನೆಟ್ಟಗೆ ಗೆರೆ ಎಳೆದ ಕೈ. ‘ಅಕ್ಕೋರ, ಕೂಡ್ರಿ’ ಎಂದು ಒಬ್ಬ ಹುಡುಗಿ ಎದ್ದು ಹಿಡಿದುಕೊಳ್ಳದಿದ್ದರೆ ಬಿದ್ದುಬಿಡುತ್ತಿದ್ದರು.

ಹತ್ತಿರದ ದವಾಖಾನೆಯಲ್ಲಿ ಬಿಪಿ ನೋಡಿದರೆ ಬಹಳ ಏರಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಗುಳಿಗೆ ತಗೊಳ್ತಾ ಇದ್ದೀರಾ? ತಗೊಳ್ತೀನಿ ಅಂದರು. ಸುಳ್ಳಲ್ಲ, ತಗೊಂಡೆ ಅಂತಲೇ ಅವರು ತಿಳಿದಿದ್ದರು. ಮನೆಗೆ ಬಂದು ಸಾಹೇಬ್ರು ಕಪಾಟು ತೆರೆದು ನೋಡಿದರು. ಮಗಳು ತಂದುಕೊಟ್ಟ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿಗಳು ಮೂರಿವೆ. ಮೂರನ್ನೂ ಪ್ರತಿ ಭಾನುವಾರ ರಾತ್ರಿ ತುಂಬುವವರು ಅಕ್ಕೋರೇ. ಅಜ್ಜಿಯ ಡಬ್ಬಿಯಲ್ಲಿ ಗುರುವಾರದವರೆಗೆ ಖಾಲಿ. ಸಾಹೇಬ್ರ ಡಬ್ಬಿಯಲ್ಲೂ ಖಾಲಿ. ಅಕ್ಕೋರದರಲ್ಲಿ ಸೋಮವಾರದಿಂದ ಗುಳಿಗೆ ಹಾಗೇ ಕೂತಿದ್ದವು.

ಮಗಳು ಶುಕ್ರವಾರ ಬೆಳಗ್ಗೆಯೇ ಹುಬ್ಬಳ್ಳಿಯಿಂದ ಓಡಿ ಬಂದಳು. ಬಿಟ್ಟು ಬರಲು ಯಾರೂ ಇಲ್ಲದೆ ಇಬ್ಬರು ಮಕ್ಕಳನ್ನೂ ಕರೆತಂದಳು. ನೆರವು ಬಂತು, ಜೊತೆಗೆ ಉಣ್ಣುವವರೂ ಮೂವರು ಹೆಚ್ಚಾದರು. ಮೊಮ್ಮಕ್ಕಳಿಗೆ ಹಲಗಿ ಬೇಕು, ಪಿಚಕಾರಿ ಬೇಕು. ಅಜ್ಜ ಅವರನ್ನು ಪೇಟೆಗೆ ಕರೆದುಕೊಂಡು ಹೋದರು. ಶನಿವಾರದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಅಕ್ಕೋರು ಮಲಗಿದ್ದರು, ಮಲಗಿದಲ್ಲಿಂದಲೇ ಒಗ್ಗರಣೆಗೆ ಎಷ್ಟು ಸಾಸಿವೆ ಅಂತ ಹೇಳುತ್ತಿದ್ದರು.

ಮಕ್ಕಳ ತೀರ್ಪು

ಭಾನುವಾರ ವಿಡಿಯೋ ಕಾಲಿನಲ್ಲಿ ಮಗನೂ ಸೇರಿದ. ನನ್ನನ್ನೂ ಕರೆದಿದ್ದರು, ಇಂಥ ವಿಷಯ ಓದಿಸುವವನು ಎಂಬ ನಂಬಿಕೆಯಿಂದ ಇರಬೇಕು. ಮಕ್ಕಳ ತೀರ್ಪು ಸಿದ್ಧವಾಗಿತ್ತು: ಟ್ಯೂಷನ್ ಬಂದ್, ಅರ್ಜಿ ಬಂದ್. ‘ಊರಿನ ಉಸಾಬರಿ ಸಾಕು, ನಿಮ್ಮ ಆರೋಗ್ಯ ನೋಡ್ಕೊಳ್ಳಿ.’ ಪ್ರೀತಿಯ ಮಾತೇ. ಆದರೆ ಒಂದು ವಿಷಯ ನನ್ನ ಕಿವಿಗೆ ಬಡಿಯಿತು. ಬಿಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಮಗನ ಇ-ಖಾತಾ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನು ಎರಡು ತಿಂಗಳು ಇಲ್ಲಿ ನೋಡಿಕೊಳ್ಳುವ ಕೆಲಸವೂ ಇರಲಿಲ್ಲ. ತಾವಾಗಿ ಆರಿಸಿಕೊಂಡ ಎರಡು ಕೆಲಸ ಬಿಡಬೇಕಂತೆ, ಬೇರೆಯವರು ಹೊರಿಸಿದ್ದು ಇರಬೇಕಂತೆ.

ಸಾಹೇಬ್ರು ಹಳೆಯ ಗುಮಾಸ್ತರು, ದಿನಚರಿ ಬರೆಯುವ ಚಟ ಬಿಟ್ಟಿಲ್ಲ. ಆ ವಾರದ ಪುಟಗಳನ್ನು ನೋಡೋಣ ಅಂದೆ. ಬ್ಯಾಂಕ್, ಸೈಟ್, ಅರ್ಜಿ ಐದು ಮಂದಿ, ದವಾಖಾನೆ, ಎಲ್ಲ ಚಂದದ ಅಕ್ಷರದಲ್ಲಿ ಇದ್ದವು. ಅಕ್ಕೋರು ಆ ದಿನಚರಿಯಲ್ಲಿ ಬರುವುದು ಗುಳೇದಗುಡ್ಡಕ್ಕೆ ಹೋದಾಗ, ಆಮೇಲೆ ತಲೆ ಸುತ್ತಿದಾಗ. ಅವರ ವಾರವನ್ನು ಅವರ ಬಾಯಿಂದಲೇ ಹೇಳಿಸಿ, ಸಾಹೇಬ್ರ ಕೈಯಲ್ಲೇ ಬರೆಸಿದೆ. ಬರೆಯುತ್ತಾ ಬರೆಯುತ್ತಾ ಅವರ ಪೆನ್ನು ಒಂದು ಕಡೆ ನಿಂತಿತು. ‘ಸೋಮವಾರ ಹನ್ನೊಂದು ಕಪ್ ಚಾ ಮಾಡೀಯೇನ?’

ಪ್ರಕರಣದ ಗಂಟು ಇಲ್ಲೇ ಇತ್ತು. ಪಡಸಾಲೆಗೆ ಬಂದವರನ್ನು ನಮ್ಮ ಕಡೆ ಹಾಗೇ ಕಳಿಸುವ ಪದ್ಧತಿ ಇಲ್ಲ. ಬೀಳಗಿ ಕಡೆಯಿಂದ, ದೂರದ ಹಳ್ಳಿಗಳಿಂದ ಬಿಸಿಲಲ್ಲಿ ಬಂದವರಿಗೆ ನೀರು ಕೊಡಬೇಕು, ಚಾ ಕೊಡಬೇಕು. ಊಟದ ಹೊತ್ತಾದರೆ ಎರಡು ರೊಟ್ಟಿ ಹೆಚ್ಚಿಗೆ ಬಡಿಯಬೇಕು. ಅರ್ಜಿ ಬರೆಯಲು ಸಾಹೇಬ್ರಿಗೆ ಅರ್ಧ ತಾಸು, ಅದರ ಸುತ್ತಲಿನ ಉಪಚಾರಕ್ಕೆ ಅಕ್ಕೋರಿಗೆ ಅರ್ಧ ತಾಸು. ಸೇವೆಯ ಪುಣ್ಯ ಒಬ್ಬರಿಗೆ ಬರೆದಿತ್ತು, ಕೂಲಿ ಇಬ್ಬರದೂ ಇತ್ತು. ಸಾಹೇಬ್ರು ಕೆಟ್ಟವರಲ್ಲ. ಚಾ ಎಲ್ಲಿಂದ ಬರುತ್ತದೆ ಅಂತ ಯೋಚಿಸುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ, ಕಚೇರಿಯಲ್ಲೂ ಜವಾನ ತರುತ್ತಿದ್ದ.

ಹಾಗಾಗಿ ನನ್ನ ಅಭಿಪ್ರಾಯ ಮಕ್ಕಳಿಗೆ ವಿರುದ್ಧವಾಗಿತ್ತು, ಈಗಲೂ ಇದೆ. ಟ್ಯೂಷನ್ ಅಕ್ಕೋರನ್ನು ಕೆಡವಲಿಲ್ಲ. ಆ ವಾರವಿಡೀ ಅವರು ಒಂದೇ ಜಾಗದಲ್ಲಿ ನಿಂತು, ಒಂದೇ ವಿಷಯ ಯೋಚಿಸಿ, ಶುರು ಮಾಡಿದ್ದನ್ನು ಮುಗಿಸಿದ್ದು ಆ ಹಿತ್ತಲ ಬೋರ್ಡಿನ ಮುಂದೆ ಮಾತ್ರ. ಉಳಿದ ದಿನವೆಲ್ಲ ತುಂಡು ತುಂಡು. ಹಿಟ್ಟು ನಾದುವಾಗ ಗೇಟು ಬಾರಿಸುತ್ತದೆ, ಗೇಟು ತೆರೆಯುವಾಗ ಅಜ್ಜಿ ಕರೆಯುತ್ತಾರೆ, ಅಜ್ಜಿಗೆ ನೀರು ಕೊಡುವಾಗ ಫೋನು ಬರುತ್ತದೆ. ಗುಳಿಗೆ ನುಂಗುವ ಅರ್ಧ ನಿಮಿಷ ಆ ಸಂದಿಯಲ್ಲಿ ಬಿದ್ದುಹೋಗಿತ್ತು.

ಆಮೇಲೆ ಆದದ್ದು

ಎಲ್ಲಕ್ಕಿಂತ ದೊಡ್ಡ ಫಲ ಕೊಟ್ಟದ್ದು ತೀರಾ ಸಣ್ಣ ಬದಲಾವಣೆ. ಅರ್ಜಿಯ ಮೇಜು ಪಡಸಾಲೆಯಿಂದ ಎದ್ದು ಸೆಕ್ಟರಿನ ಗುಡಿಯ ಕಟ್ಟೆಗೆ ಹೋಯಿತು. ಮಂಗಳವಾರ, ಶುಕ್ರವಾರ, ಸಂಜೆ ನಾಲ್ಕರಿಂದ ಆರು. ಗೇಟಿಗೆ ರಟ್ಟಿನ ಮೇಲೆ ಬರೆದು ತೂಗುಹಾಕಿದರು. ಮೊದಲ ಎರಡು ವಾರ ಯಾರೂ ಅದನ್ನು ಓದಲಿಲ್ಲ. ಓದಿದವರೂ ‘ಸಾಹೇಬ್ರ, ನಂದೊಂದ ಸಣ್ಣದೈತ್ರಿ’ ಅಂತ ಒಳಗೇ ಬಂದರು. ಆಗ ಸಾಹೇಬ್ರಿಗಿಂತ ಗಟ್ಟಿಯಾಗಿ ನಿಂತವರು ಅಜ್ಜಿ. ಬಾಗಿಲ ಪಕ್ಕದ ಮಂಚದಿಂದಲೇ ‘ಗುಡಿಗೆ ಹೋಗ್ರಿ, ಅಲ್ಲೇ ಸಿಗ್ತಾನ’ ಅಂದುಬಿಡುತ್ತಿದ್ದರು. ಕಟ್ಟೆಯ ಪಕ್ಕದಲ್ಲೇ ಚಾದಂಗಡಿ ಇದೆ. ಈಗ ಬಂದವರೇ ಸಾಹೇಬ್ರಿಗೆ ಚಾ ಕುಡಿಸುತ್ತಾರೆ. ಒಂದು ಪೈಸೆ ಮುಟ್ಟುವುದಿಲ್ಲ ಎಂಬ ನೇಮಕ್ಕೆ ಅಷ್ಟು ಭಂಗ ಬಂದಿದೆ.

ಬ್ಯಾಂಕಿನದು ಬೇರೆ ದಾರಿ ಹಿಡಿಯಿತು. 70 ದಾಟಿದವರಿಗೆ ಕೆವೈಸಿ ಕಾಗದ, ಜೀವಂತ ಪ್ರಮಾಣಪತ್ರ ತೆಗೆದುಕೊಳ್ಳುವಂಥ ಮೂಲ ಸೇವೆಗಳನ್ನು ಮನೆಗೇ ಬಂದು ಒದಗಿಸಲು ಪ್ರಯತ್ನ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್ 9ರಂದೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಇಡೀ ತಾಲ್ಲೂಕಿಗೆ ಅರ್ಜಿ ಬರೆದುಕೊಟ್ಟ ಸಾಹೇಬ್ರು ತಮ್ಮ ತಾಯಿಗಾಗಿ ಒಂದು ಅರ್ಜಿ ಬರೆದಿರಲಿಲ್ಲ. ಸುತ್ತೋಲೆಯ ತಾರೀಕು ಹಾಕಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದರು. ಮೊಹರು ಹಾಕಿಸುವುದು ಮುಖ್ಯ, ಬಾಯಿಮಾತಿನ ಕೋರಿಕೆ ಯಾವ ಕಡತಕ್ಕೂ ಹೋಗುವುದಿಲ್ಲ ಎನ್ನುವುದು ಅವರ ನೌಕರಿಯ ಪಾಠ. ಸ್ವಲ್ಪ ದಿನ ಬಿಟ್ಟು ಒಬ್ಬ ಹುಡುಗ ಯಂತ್ರ ಹಿಡಿದು ಮನೆಗೆ ಬಂದ. ಅಜ್ಜಿ ಮೊದಲೇ ಉಂಗುರ ಬೆರಳು ಚಾಚಿದರು.

ಮಗನಿಗೆ ಅಪ್ಪ ಮೊದಲ ಬಾರಿ ಆಗುವುದಿಲ್ಲ ಅಂದರು. ಮಗನಿಗೆ ತುಸು ನೋವಾಯಿತು, ಆದರೆ ರಜೆ ಹಾಕಿ ಬಂದ. ಕಚೇರಿಯ ಬೆಂಚಿನ ಮೇಲೆ ತಾನೇ ಒಂದು ಹಗಲು ಕಾದ ಮೇಲೆ ‘ಸುಮ್ನೆ ಒಂದ್ಸಲ’ ಎಂಬ ಮಾತು ಅವನ ಬಾಯಿಂದ ಬಂದಿಲ್ಲವಂತೆ.

ರೊಟ್ಟಿಯ ವಿಷಯ ಅಷ್ಟು ಸಲೀಸಾಗಲಿಲ್ಲ. ನವನಗರದಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ವಾರಕ್ಕಾಗುವಷ್ಟು ಖಡಕ್ ರೊಟ್ಟಿ ತರಿಸಲು ಶುರು ಮಾಡಿದರು. ಆದರೆ ಅಜ್ಜಿಗೆ ಹಲ್ಲಿಲ್ಲ, ಬಿಸಿ ಮೆತ್ತನೆಯ ರೊಟ್ಟಿಯೇ ಆಗಬೇಕು. ಅದಕ್ಕೆ ಅಕ್ಕೋರೇ ಹಂಚಿನ ಮುಂದೆ ಕೂರಬೇಕು. ಸಾಹೇಬ್ರು ಒಂದು ದಿನ ಪ್ರಯತ್ನಿಸಿದರು. ರೊಟ್ಟಿ ಹರಿದು ಹಿಟ್ಟು ಹಂಚಿಗೆ ಅಂಟಿತು. ಈಗ ಅವರ ಪಾಲಿಗೆ ಬಂದಿರುವುದು ಪಲ್ಯ ಹೆಚ್ಚುವುದು, ಮಜ್ಜಿಗೆ ಕಡೆಯುವುದು. ಪಲ್ಯವನ್ನು ಅವರು ಕಡತ ಜೋಡಿಸುವಷ್ಟೇ ನಿಧಾನವಾಗಿ ಹೆಚ್ಚುತ್ತಾರೆ, ಅಕ್ಕೋರು ನೋಡಿಯೂ ನೋಡದ ಹಾಗಿರುತ್ತಾರೆ.

ಗುಳಿಗೆ ಡಬ್ಬಿಗಳು ಕಪಾಟಿನಿಂದ ಅಜ್ಜಿಯ ಮಂಚದ ಪಕ್ಕದ ಸ್ಟೂಲಿಗೆ ಬಂದಿವೆ. ಅಜ್ಜಿಗೆ ಓದಲು ಬರುವುದಿಲ್ಲ, ಆದರೆ ಖಾನೆ ಖಾಲಿಯೋ ತುಂಬಿದೆಯೋ ಕಾಣುತ್ತದೆ. ಬೆಳಗಿನ ಚಾ ಆದ ಕೂಡಲೇ ‘ನಿಂದು ನುಂಗಿದೇನವಾ?’ ಎಂದು ಕೇಳುತ್ತಾರೆ. ಸೊಸೆ ಹೂಂ ಅಂದರೆ ನಂಬುವುದಿಲ್ಲ, ಡಬ್ಬಿ ತೋರಿಸು ಅನ್ನುತ್ತಾರೆ. ಈ ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುವವರ ಲೆಕ್ಕ ಎಲ್ಲರೂ ಹಾಕಿದ್ದರು. ಅಜ್ಜಿಯೂ ಯಾರನ್ನಾದರೂ ನೋಡಿಕೊಳ್ಳಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದದ್ದಲ್ಲ, ಸ್ಟೂಲು ತರಿಸಿಕೊಂಡವರು ಅಜ್ಜಿಯೇ.

ಎಂಟು ಹುಡುಗಿಯರ ಪಾಠ ಒಂದು ವಾರ ನಿಂತು ಮತ್ತೆ ಶುರುವಾಯಿತು. ಈಗ ಅಕ್ಕೋರು ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ಬೋರ್ಡಿನ ಮೇಲೆ ಹುಡುಗಿಯರೇ ಸರದಿಯಂತೆ ಬರೆಯುತ್ತಾರೆ. ಇದರಿಂದ ಕಲಿಕೆ ಚಲೋ ಆಗಿದೆ, ಇಷ್ಟು ವರ್ಷ ಸುಮ್ನೆ ನಾನೇ ಬರೀತಾ ಬಂದೆ ಅನ್ನುತ್ತಾರೆ. ಆ ಹೊತ್ತಿನಲ್ಲಿ ಫೋನು ಸಾಹೇಬ್ರ ಹತ್ತಿರ ಇರುತ್ತದೆ.

ಇತ್ಯರ್ಥವಾಗದೆ ಉಳಿದದ್ದು ಬೇಸಿಗೆ ರಜೆ. ಏಪ್ರಿಲ್, ಮೇ ಪೂರ್ತಿ ಮಕ್ಕಳನ್ನು ಬಾಗಲಕೋಟೆಯಲ್ಲೇ ಬಿಡುತ್ತೇನೆ, ಬೇರೆ ದಾರಿ ಇಲ್ಲ ಎಂದು ಮಗಳು ಹೇಳುತ್ತಿದ್ದಾಳೆ. ಅವಳ ಕಷ್ಟವೂ ನಿಜ, ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ಎರಡು ತಿಂಗಳ ರಜೆ ಸಣ್ಣ ಸಂಗತಿಯಲ್ಲ. ಮೊಮ್ಮಕ್ಕಳು ಬಂದರೆ ಅಕ್ಕೋರಿಗೂ ಖುಷಿಯೇ. ಆದರೆ ಈ ಸಲ ಅವರು ಮಗಳ ಜೊತೆ ವಾದಕ್ಕೆ ಇಳಿಯಲಿಲ್ಲ. ನೇರವಾಗಿ ಗದಗಿನ ಬೀಗತಿಗೆ ಫೋನ್ ಮಾಡಿ, ಏಪ್ರಿಲ್ ನಮ್ಮಲ್ಲಿ, ಮೇ ನಿಮ್ಮಲ್ಲಿ ಅಂತ ಮಾತಾಡಿಕೊಂಡರು. ಬೀಗತಿಯೂ ನಿವೃತ್ತ ಶಿಕ್ಷಕಿ. ಅವರು ಒಪ್ಪಿದ್ದಾರೆ. ಮಗಳು ಇನ್ನೂ ಒಪ್ಪಿಲ್ಲ.